ಮೆನ್ನೊನೈಟ್ ಬೋಧಕರ ಪತ್ನಿಯ ಬದುಕು: ವಿಶ್ವಾಸ ಆಕೆಯದೋ, ಗಂಡನದೋ?

ಪ್ರಶ್ನೆ – ಉಡುಪಿಯ ಓದುಗಿ

ಮಾನ್ಯರೇ, ನನ್ನ ದೊಡ್ಡಮ್ಮ ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಸಭಾಪಾಲಕರೊಬ್ಬರ ಪತ್ನಿಯಾಗಿದ್ದರು. ದೊಡ್ಡಪ್ಪನಿಗೆ ವರ್ಗವಾದಾಗಲೆಲ್ಲ ಪಾತ್ರೆ ಪಗಡಿಗಳನ್ನು ಗೋಣಿಚೀಲಕ್ಕೆ ತುಂಬಿ ಹೊರಡುತ್ತಿದ್ದ ಅವರನ್ನು ಊರೂರಿನ ಸಭೆಯವರೆಲ್ಲ ‘ಅಮ್ಮನವರು’ ಎಂದೇ ಕರೆಯುತ್ತಿದ್ದುದರಿಂದ, ಅವರ ಸ್ವಂತ ಹೆಸರು ಎಷ್ಟೋ ಮಂದಿಗೆ ತಿಳಿದದ್ದು ಶವಪೆಟ್ಟಿಗೆಯ ಮೇಲೆ ಓದಿದಾಗಲೇ. ಇತ್ತೀಚೆಗೆ ಮೆನ್ನೊನೈಟರೆಂಬ ಕ್ರೈಸ್ತ ಪಂಗಡದವರ ಬಗ್ಗೆ ಓದುತ್ತಿರುವಾಗ, ಅವರಲ್ಲಿ ಬೋಧಕನನ್ನು ಚೀಟಿ ಎತ್ತಿ ಆರಿಸುವ ಪದ್ಧತಿಯಿತ್ತು ಎಂಬುದನ್ನು ಕಂಡು ಬೆರಗಾದೆ. ಚೀಟಿ ಬಂದದ್ದು ಗಂಡನಿಗೆ. ಹೊರೆ ಬಿದ್ದದ್ದು ಇಬ್ಬರ ಮೇಲೂ ಅಲ್ಲವೇ? ಅಂಥ ಮನೆಯ ಹೆಂಗಸಿನ ದಿನಗಳು ಹೇಗಿರುತ್ತಿದ್ದವು, ಆಕೆಯ ವಿಶ್ವಾಸಕ್ಕೆ ಗಂಡನ ಹುದ್ದೆಯ ಹೊರತಾದ ನೆಲೆಯೊಂದಿತ್ತೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ – ಬಲ್ಮಠದಿಂದ, ಸಭಾಚರಿತ್ರೆಯ ವಿದ್ಯಾರ್ಥಿ

ನಿಮ್ಮ ಎರಡನೆಯ ಪ್ರಶ್ನೆಯೇ ಮುಖ್ಯವಾದುದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. 1525ರ ಜನವರಿಯಲ್ಲಿ ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್ ನಗರದಲ್ಲಿ ಕೆಲವರು ಶಿಶು ದೀಕ್ಷಾಸ್ನಾನವನ್ನು ನಿರಾಕರಿಸಿ, ತಿಳಿವಳಿಕೆ ಬಂದ ಮೇಲೆ ತಾವಾಗಿಯೇ ಒಪ್ಪಿ ದೀಕ್ಷಾಸ್ನಾನ ಪಡೆದರು. ಈ ಪಂಗಡಕ್ಕೆ ಮುಂದೆ ಹೆಸರು ಕೊಟ್ಟ ಮೆನ್ನೊ ಸೈಮನ್ಸ್ ನೆದರ್‌ಲ್ಯಾಂಡ್ಸ್‌ನ ಫ್ರೀಸ್‌ಲ್ಯಾಂಡಿನ ಕ್ಯಾಥೊಲಿಕ್ ಪಾದ್ರಿಯಾಗಿದ್ದು 1536ರಲ್ಲಿ ಆ ಸಭೆಯನ್ನು ತೊರೆದವನು. ದೀಕ್ಷಾಸ್ನಾನವೆಂದರೆ ಸ್ವಂತ ಬಾಯಿಂದ ಕೊಡುವ ಒಪ್ಪಿಗೆ ಎಂದಾದ ಮೇಲೆ ಗಂಡನ ಒಪ್ಪಿಗೆ ಹೆಂಡತಿಯದಾಗಲು ಸಾಧ್ಯವೇ ಇರಲಿಲ್ಲ. 1529ರಲ್ಲಿ ಜರ್ಮನಿಯ ಸ್ಪೈಯರ್ ನಗರದಲ್ಲಿ ಕೂಡಿದ ಸಾಮ್ರಾಜ್ಯದ ರಾಜಸಭೆಯು ಇಂಥ ಮರುದೀಕ್ಷೆಗೆ ಮರಣದಂಡನೆ ವಿಧಿಸಿದಾಗ, ಶಿಕ್ಷೆಯೂ ಗಂಡು ಹೆಣ್ಣೆಂದು ನೋಡಲಿಲ್ಲ.

ಮೆನ್ನೊನ ಹೆಂಡತಿ ಗೆರ್ಟ್ರೂಡಳ ಸ್ವಂತ ಮಾತುಗಳು ನಾನು ಓದಿದ ಎಲ್ಲಿಯೂ ಕಾಣಿಸಿಲ್ಲ. ಆಕೆ ನಮಗೆ ಸಿಗುವುದು ಗಂಡನ ಬರಹದಲ್ಲಿಯೇ. ಅವನ ತಲೆಗೆ ಬೆಲೆ ಕಟ್ಟಲಾಗಿತ್ತು, ಅವನಿಗೆ ಆಶ್ರಯ ಕೊಟ್ಟ ರೈತನೊಬ್ಬನನ್ನು 1539ರಲ್ಲಿ ಕೊಂದಿದ್ದರು. ಹೆಂಡತಿ ಮಕ್ಕಳನ್ನು ಒಂದು ವರ್ಷವಾಗಲಿ, ಅರ್ಧ ವರ್ಷವಾಗಲಿ ನಿಶ್ಚಿಂತೆಯಿಂದ ಇರಿಸಲು ಇಡೀ ನಾಡಿನಲ್ಲಿ ಒಂದು ಗುಡಿಸಲೂ ಸಿಗುತ್ತಿಲ್ಲವೆಂದು ಅವನು 1544ರ ಸುಮಾರಿಗೆ ಬರೆದುಕೊಂಡಿದ್ದಾನೆ.

ಆದರೆ ನಿಮ್ಮ ಪ್ರಶ್ನೆಗೆ ನೇರವಾದ ಉತ್ತರ ಕೊಟ್ಟವಳು ಆಂಟ್ವರ್ಪ್ ನಗರದ ಮಾಯ್ಕೆನ್ ವೆನ್ಸ್. ಗಂಡ ಗಾರೆ ಕೆಲಸದವನು, ಜೊತೆಗೆ ಗುಟ್ಟಾಗಿ ಕೂಡುತ್ತಿದ್ದ ಸಭೆಯ ಬೋಧಕ. ಸೆರೆಯಾದವಳು ಆಕೆ. ಸೆರೆಮನೆಯಿಂದ ಗಂಡನಿಗೂ ಹಿರಿಯ ಮಗ ಆಡ್ರಿಯಾನನಿಗೂ ಪತ್ರ ಬರೆದಳು, ವಿಶ್ವಾಸವನ್ನು ಮಾತ್ರ ಬಿಡಲಿಲ್ಲ. 1573ರ ಅಕ್ಟೋಬರ್ 6ರಂದು ಸುಡಲು ಕರೆದೊಯ್ಯುವಾಗ, ದಾರಿಯಲ್ಲಿ ಜನರೊಂದಿಗೆ ಮಾತನಾಡದಂತೆ ನಾಲಗೆಗೆ ಕಬ್ಬಿಣದ ತಿರುಪು ಬಿಗಿದಿದ್ದರು. ಸುಮಾರು ಹದಿನೈದು ವರ್ಷದ ಆಡ್ರಿಯಾನ್ ಮೂರು ವರ್ಷದ ತಮ್ಮನನ್ನು ಎತ್ತಿಕೊಂಡು ಬೆಂಚಿನ ಮೇಲೆ ನಿಂತವನು, ತಾಯಿಯನ್ನು ತಂದಾಗ ಎಚ್ಚರ ತಪ್ಪಿ ಬಿದ್ದನು. ಎಲ್ಲ ಮುಗಿದ ಮೇಲೆ ಬೂದಿ ಕೆದಕಿ ಆ ತಿರುಪನ್ನು ಹುಡುಕಿ ಇಟ್ಟುಕೊಂಡನೆಂದು 1660ರಲ್ಲಿ ಡಚ್ ಭಾಷೆಯಲ್ಲಿ ಅಚ್ಚಾದ ಹುತಾತ್ಮರ ಚರಿತ್ರೆ ಹೇಳುತ್ತದೆ. ಬರಿಯ ‘ಬೋಧಕರ ಹೆಂಡತಿ’ಯ ನಾಲಗೆಗೆ ಅಧಿಕಾರಿಗಳು ಇಷ್ಟು ಹೆದರುತ್ತಿದ್ದರೆಂದು ನನಗನ್ನಿಸುವುದಿಲ್ಲ.

ಇನ್ನು ಚೀಟಿಯ ವಿಚಾರ. ಸಭೆಯವರು ಸೂಚಿಸಿದ ಗಂಡಸರ ಮುಂದೆ ಒಂದೇ ಬಗೆಯ ಪುಸ್ತಕಗಳನ್ನು ಇಡುತ್ತಾರೆ. ಅವುಗಳಲ್ಲಿ ಒಂದರೊಳಗೆ ಮಾತ್ರ ಚೀಟಿ; ಅದನ್ನು ಎತ್ತಿಕೊಂಡವನೇ ಬೋಧಕ. ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಎಂಬ ಭಾಗದಲ್ಲಿ, ಯೂದನ ಸ್ಥಾನಕ್ಕೆ ಚೀಟಿ ಹಾಕಿ ಮತ್ತೀಯನನ್ನು ಆರಿಸಿದ ಬಗೆಯೇ ಇದಕ್ಕೆ ಆಧಾರ. ಬೆಳಿಗ್ಗೆ ಹಾಲು ಕರೆದು ಬಂದ ರೈತ ಮಧ್ಯಾಹ್ನದ ಹೊತ್ತಿಗೆ ಸಾಯುವ ತನಕದ ಬೋಧಕನಾಗಿರುತ್ತಾನೆ, ಸಂಬಳವಿಲ್ಲದೆ. ಆತ ರೋಗಿಗಳನ್ನು ನೋಡಲು, ಜಗಳ ಬಿಡಿಸಲು ಹೋದಾಗ ಹಟ್ಟಿ, ಹೊಲ, ಮಕ್ಕಳು, ಭಾನುವಾರ ಊಟಕ್ಕೆ ಬರುವ ನೆಂಟರು ಎಲ್ಲವೂ ಆಕೆಯ ಪಾಲಿಗೆ.

ಉತ್ತರ – ಮಂಗಳೂರಿನಿಂದ, ನಿವೃತ್ತ ಸಭಾಪಾಲಕರ ಪತ್ನಿ

ಭಾನುವಾರದ ನೆಂಟರ ವಿಷಯ ಓದಿ ನಕ್ಕೆ. ಆರಾಧನೆ ಮುಗಿಯುವ ಹೊತ್ತಿಗೆ ಎಷ್ಟು ಜನರಿಗೆ ಅಕ್ಕಿ ಹಾಕಬೇಕೆಂಬುದು ಪ್ರಸಂಗ ಕೇಳುತ್ತಿರುವಾಗಲೂ ನನ್ನ ತಲೆಯಲ್ಲಿ ಓಡುತ್ತಲೇ ಇರುತ್ತಿತ್ತು; ದೇವರು ಕ್ಷಮಿಸಲಿ.

ಇಲ್ಲಿಯೂ ಗಂಡಸರ ಹೆಸರಷ್ಟೇ ಉಳಿದಿದೆ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು, 1894ರ ಕಿಟೆಲ್ ನಿಘಂಟು ನಮ್ಮ ಮಕ್ಕಳಿಗೂ ಗೊತ್ತು. ಕಿಟೆಲರ ಮೊದಲ ಪತ್ನಿ ಪೌಲಿನ ತೀರಿಕೊಂಡ ಬಳಿಕ ಆಕೆಯ ಸಹೋದರಿ ಜೂಲಿಯೇ ಅವರ ಕೈಹಿಡಿದರೆಂಬುದನ್ನು ಎಷ್ಟು ಜನ ಬಲ್ಲರು?

ಆದರೆ ಒಂದು ವ್ಯತ್ಯಾಸ ಹೇಳಬೇಕು. ನಮಗೆ ಸಂಬಳ, ಮನೆ, ವರ್ಗ ಎಲ್ಲ ಇತ್ತು; ಎಲ್ಲಿ ಹೋದರೂ ಹೊರಗಿನವರಾಗಿಯೇ ಬಂದು ಹೊರಗಿನವರಾಗಿಯೇ ಹೊರಡುತ್ತಿದ್ದೆವು. ಮೆನ್ನೊನೈಟ್ ಹೆಂಗಸಿಗಾದರೋ ಗಂಡ ಬೋಧಿಸುವ ಸಭೆಯಲ್ಲಿ ಅತ್ತೆ, ನಾದಿನಿ, ಬಾಲ್ಯದ ಗೆಳತಿಯರೇ ಕುಳಿತಿರುತ್ತಾರೆ. ಗಂಡ ಯಾರನ್ನಾದರೂ ಶಿಸ್ತಿಗೆ ಒಳಪಡಿಸಿದರೆ, ಮರುದಿನ ಅವರ ಮನೆಯ ಹೆಂಗಸಿನ ಮುಖ ನೋಡಬೇಕಾದವಳು ಇವಳು. ನನಗೆ ವರ್ಗವೇ ವಾಸಿಯಾಗಿತ್ತು ಎನ್ನಿಸುತ್ತದೆ.

ತಲೆವಸ್ತ್ರದ ಮಾತೂ ಹಾಗೆಯೇ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 11ನೆಯ ಅಧ್ಯಾಯದ ಪ್ರಕಾರ ನಾವು ಪ್ರಾರ್ಥನೆಯ ಹೊತ್ತಿಗೆ ಸೆರಗು ಹೊದ್ದು, ಆಮೇಲೆ ಇಳಿಸುತ್ತೇವೆ. ಅವರಲ್ಲಿನ ಸಂಪ್ರದಾಯಸ್ಥ ಹೆಂಗಸರು ಅದೇ ಅಧ್ಯಾಯವನ್ನು ಹಿಡಿದು ಬಿಳಿಯ ಟೋಪಿಯನ್ನು ದಿನವಿಡೀ ಧರಿಸುತ್ತಾರೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಸಭೆಯೊಳಗೆ ಆಕೆಗೆ ಬೇರೆಯವರಿಗಿಂತ ಮೇಲಿನ ಸ್ಥಾನವೇನಾದರೂ ಇತ್ತೇ? ದೊಡ್ಡಮ್ಮನಿಗೆ ಮೊದಲ ಬೆಂಚು ಮೀಸಲಾಗಿತ್ತು, ಅವರಿಗೆ ಅದು ಹಿಂಸೆಯಾಗುತ್ತಿತ್ತು.

ಉತ್ತರ – ಬಲ್ಮಠದಿಂದ

ಮೇಲಿನ ಸ್ಥಾನ ಎನ್ನುವುದಕ್ಕಿಂತ ಎಲ್ಲರ ಕಣ್ಣು ಎನ್ನಬಹುದು. ಆಕೆಯ ಉಡುಪು, ಮಕ್ಕಳ ನಡತೆ ಊರಿಗೆಲ್ಲ ಅಳತೆಗೋಲು. ಕರ್ತನ ಭೋಜನದ (ಯೇಸುವಿನ ಕಡೆಯ ಊಟವನ್ನು ನೆನೆಯುವ ವಿಧಿಯ) ದಿನ, ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿರುವಂತೆ, ಪಾದ ತೊಳೆಯುವ ವಿಧಿಯಲ್ಲಿ ಹೆಂಗಸರು ಇಬ್ಬಿಬ್ಬರಾಗಿ ಒಬ್ಬರ ಕಾಲು ಇನ್ನೊಬ್ಬರು ತೊಳೆದು ಒರೆಸುತ್ತಾರೆ. ಬೋಧಕರ ಪತ್ನಿಗೂ ಅಲ್ಲಿ ಬೇರೆ ಬೋಗುಣಿಯಿಲ್ಲ, ಬೇರೆ ನೀರಿಲ್ಲ.

ಇದನ್ನೆಲ್ಲ ಇಂದಿನ ಎಲ್ಲ ಮೆನ್ನೊನೈಟರಿಗೂ ಅನ್ವಯಿಸಬಾರದು. ಚೀಟಿಯ ಪದ್ಧತಿ ಈಗ ಹೆಚ್ಚಾಗಿ ಹಳೆಯ ಕಟ್ಟಳೆಗಳನ್ನು ಬಿಡದ ಗುಂಪುಗಳಲ್ಲಿ ಉಳಿದಿದೆ. ಅಮೆರಿಕದಲ್ಲಿ ಆನ್ ಆಲೆಬಾಕ್ ಎಂಬ ಮಹಿಳೆಗೆ 1911ರಲ್ಲಿಯೇ ಬೋಧಕ ದೀಕ್ಷೆಯಾಗಿತ್ತು. ನಮ್ಮ ದೇಶದಲ್ಲಿ ಛತ್ತೀಸಗಢದ ಧಮ್ತರಿಯಲ್ಲಿ 1899ರಿಂದ ಮೆನ್ನೊನೈಟರ ಮಿಶನ್ ಇತ್ತು, ತೆಲಂಗಾಣದ ಮಹಬೂಬ್‌ನಗರದ ಕಡೆಯೂ ಅವರ ಸಭೆಗಳಿವೆ. ಅಲ್ಲಿನ ಬೋಧಕರ ಪತ್ನಿಯರನ್ನು ಬಲ್ಲವರು ಯಾರಾದರೂ ಇದ್ದರೆ ಮುಂದುವರಿಸಲಿ.