ನಾವು ದಪ್ಪ ಇದ್ದೇವೆ ಅಂತಲೇ ಮಗ ಆಟಕ್ಕೆ ಹೋಗಲ್ವಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಮಗನಿಗೆ 7 ವರ್ಷ. ಶಾಲೆಯಿಂದ ಬಂದರೆ ಸೋಫಾ ಬಿಟ್ಟು ಏಳುವುದಿಲ್ಲ. ಕರಾಟೆಗೆ ಸೇರಿಸಿದೆವು, ಎರಡೇ ವಾರಕ್ಕೆ ಬಿಟ್ಟ. ನಾನು 78 ಕೆಜಿ, ಯಜಮಾನರು 92. ನಾನಂತೂ ದಿನಾ ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೋಗುತ್ತೇನೆ. "ನಿಮ್ಮಿಬ್ಬರ ಮೈಕಟ್ಟೇ ಅವನಿಗೂ ಬಂದಿದೆ, ಬಿಡು" ಅನ್ನುತ್ತಾರೆ ಅತ್ತೆ. ಹೌದಾ?

ಉತ್ತರ: ಅರ್ಧ ನಿಜ ಮೇಡಂ. ಮೈಕಟ್ಟು ರಕ್ತದಲ್ಲಿ ಬರುತ್ತದೆ, ಸೋಫಾ ಬರುವುದಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 4ರಿಂದ 7 ವರ್ಷದ ಸುಮಾರು ನೂರು ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಓಡಾಟ ಅಳೆಯುವ ಯಂತ್ರ ಕಟ್ಟಿ ನೋಡಿದ್ದರು. 1991ರಲ್ಲಿ ಪ್ರಕಟವಾಯಿತು. ಅಮ್ಮ ಚುರುಕಾಗಿದ್ದರೆ ಮಗುವೂ ಚುರುಕಾಗಿರುವ ಸಾಧ್ಯತೆ 2 ಪಟ್ಟು, ಅಪ್ಪನಾದರೆ 3.5, ಇಬ್ಬರೂ ಆದರೆ 5.8 ಪಟ್ಟು. ಚಿಕ್ಕ ಅಧ್ಯಯನ, ಲೆಕ್ಕವನ್ನು ತೀರಾ ಗಟ್ಟಿಯಾಗಿ ಹಿಡಿಯಬೇಡಿ. ಒಂದೇ ಮನೆ, ಒಂದೇ ರಕ್ತ ಅಲ್ವಾ, ಯಾವುದರಿಂದ ಎಷ್ಟು ಅಂತ ಬಿಡಿಸುವುದು ಕಷ್ಟ.

ನಿಮ್ಮ ವಾಕಿಂಗ್ ನಿಮಗೆ ಒಳ್ಳೆಯದೇ. ಆದರೆ ಐದೂವರೆಗೆ ಮಗ ಹೊದ್ದು ಮಲಗಿರುತ್ತಾನೆ. ಅವನು ನೋಡುವುದು ಸಂಜೆಯ ನಿಮ್ಮನ್ನು, "ಸೊಂಟ ಬಿದ್ದೋಯ್ತು, ಆ ರಿಮೋಟ್ ಕೊಡೋ" ಅನ್ನುವ ಅಮ್ಮನನ್ನು. (ಬೇಜಾರಾಗಬೇಡಿ, ನಮ್ಮ ಮನೆಯಲ್ಲೂ ಇದೇ ಡೈಲಾಗ್.) ವಾರಕ್ಕೆ ಮೂರು ದಿನ ವಾಕಿಂಗನ್ನು ಸಂಜೆಗೆ ಹಾಕಿಕೊಳ್ಳಿ. ಕೊತ್ತಂಬರಿ ಸೊಪ್ಪಿಗೆ ಸ್ಕೂಟರ್ ತೆಗೆಯಬೇಡಿ, ಅವನ ಕೈ ಹಿಡಿದು ನಡೆದು ಹೋಗಿ. ಇವನ ವಯಸ್ಸಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಆಟ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಸಲ ಆಗಬೇಕೆಂದಿಲ್ಲ. ತಪ್ಪು ಮಾಡಿದ್ದಕ್ಕೆ ಮಾತ್ರ ಬಸ್ಕಿ ಹೊಡೆಸಬೇಡಿ, ವ್ಯಾಯಾಮ ಅಂದರೆ ಶಿಕ್ಷೆ ಅಂತ ತಲೆಯಲ್ಲಿ ಕೂರುತ್ತದೆ.

ಪ್ರಶ್ನೆ: ಇವರು ಅಂಗಡಿ ಮುಚ್ಚಿ ಬರುವುದೇ ರಾತ್ರಿ ಒಂಬತ್ತಕ್ಕೆ. ಏನು ಮಾಡಲಿ?

ಉತ್ತರ: ಭಾನುವಾರ ಸಾಕು, ಶುರು ಮಾಡೋಕೆ. ಟೆರೇಸ್ ಮೇಲೆ ಷಟಲ್ ಆಡಲಿ, ಅಪ್ಪ ಸೋಲಲಿ. ಹಾಗೇ ಒಂದು ವಿಷಯ. ಮಗನ ಕತ್ತಿನ ಹಿಂದೆ ಚರ್ಮ ಕಪ್ಪಗೆ, ದಪ್ಪಗೆ ಆಗಿದೆಯಾ ನೋಡಿ. ಎಷ್ಟೋ ತಾಯಂದಿರು ಕೊಳೆ ಅಂತ ಸೋಪು ಹಾಕಿ ಉಜ್ಜುತ್ತಿರುತ್ತಾರೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತಿರಬಹುದು ಅದು. ಹಾಗಿದ್ದರೆ, ಅಥವಾ ರಾತ್ರಿ ಗೊರಕೆ ಜಾಸ್ತಿ ಇದ್ದರೆ, ಹತ್ತಿರದ ಮಕ್ಕಳ ಡಾಕ್ಟರಿಗೆ ತೋರಿಸಿ, ಎತ್ತರ ತೂಕ ಚಾರ್ಟಿನಲ್ಲಿ ಗುರುತು ಹಾಕಿಸಿ.