ಓದುಗರ ಸ್ಪಂದನ: ಎಂಟು ಮಕ್ಕಳು, ಎರಡು ಲಕ್ಷ, ಒಂದು ಬಾಂಡ್

ಬಾಗಲಕೋಟೆ ಜಿಲ್ಲೆಯ ಉಪನ್ಯಾಸಕಿಯೊಬ್ಬರ ಪತ್ರ ಕಳೆದ ಸಲ ಪ್ರಕಟವಾಗಿತ್ತು. ಅವರದು ಕೌಶಲ ಕಲಿಸುವ ಸಮುದಾಯ ಕಾಲೇಜು. ಹಳೇ ವಿದ್ಯಾರ್ಥಿಗಳು ಕೂಡಿಸಿ ಕೊಟ್ಟ ಎರಡು ಲಕ್ಷದಲ್ಲಿ ಎಂಟು ಮಕ್ಕಳನ್ನು ಬೆಂಗಳೂರಿಗೆ ಕಳಿಸುವ ಯೋಚನೆ. ಆರು ವಾರದ ಸಿನಿಮಾ ತರಬೇತಿ: ಲೈಟು, ಸೌಂಡು, ಪ್ರೊಡಕ್ಷನ್ ಕೆಲಸ. ತಲೆಗೆ 25 ಸಾವಿರ ಬರುತ್ತದೆ, ಅದು ಫೀಗೇ ಸರಿಹೋಗುತ್ತದೆ. ನಡುವೆ ಬಿಟ್ಟು ಬಂದವರು ದುಡ್ಡು ವಾಪಸ್ ಕೊಡಬೇಕು ಅಂತ ಬಾಂಡ್ ಬರೆಸೋಣ ಅನ್ನುತ್ತಾರೆ ಸಹೋದ್ಯೋಗಿಗಳು. ಬರೆಸಲಾ, ಬೇಡವಾ? ಇಷ್ಟೇ ಅವರ ಪ್ರಶ್ನೆ. ಬಂದ ಪತ್ರಗಳು ಮಾತ್ರ ಅಷ್ಟಕ್ಕೇ ನಿಲ್ಲಲಿಲ್ಲ.

ನಿವೃತ್ತ ಮುಖ್ಯೋಪಾಧ್ಯಾಯರು, ವಿಜಯಪುರ

ಬರೆಸಿ. ಪುಕ್ಕಟೆ ಸಿಕ್ಕಿದ್ದಕ್ಕೆ ಕಿಮ್ಮತ್ತಿಲ್ಲ. ಅದಕ್ಕೂ ಮೊದಲು ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಕುರ್ಚಿ ಎಷ್ಟಿವೆ, ಎಣಿಸಿ ನೋಡಿ.

*ಕುರ್ಚಿಯ ಮಾತನ್ನು ಉಪನ್ಯಾಸಕಿಗೆ ತಲುಪಿಸಿದ್ದೇವೆ. ಮುಂದಿನ ಪತ್ರ ಉದ್ದ ಇದೆ. ಕತ್ತರಿಸಲು ಮನಸ್ಸಾಗಲಿಲ್ಲ.*

ಓದುಗರೊಬ್ಬರು, ಬಾದಾಮಿ ತಾಲೂಕು

ಮೇಡಂ ಅವರ ಪತ್ರವನ್ನು ಅಂಗಡಿಯಲ್ಲಿ ಕೂತು ಓದುತ್ತಿದ್ದೆ. ಬಾಂಡ್ ಅನ್ನೋ ಮಾತಿಗೆ ಬಂದಾಗ ಗಿರಾಕಿ ಎರಡು ಸಲ ಕರೆದರೂ ನನಗೆ ಕೇಳಿಸಲಿಲ್ಲವಂತೆ.

ನಾನು ಬನಶಂಕರಿ ಜಾತ್ರೆಯಲ್ಲಿ ಬೆಳೆದವನು. ಬನದ ಹುಣ್ಣಿಮೆಗೆ ನಾಟಕ ಕಂಪನಿಗಳು ಬಂದು ಥಿಯೇಟರ್ ಹಾಕುತ್ತವಲ್ಲ, ಅಲ್ಲಿ ಹತ್ತನೇ ಕ್ಲಾಸಿನಿಂದಲೇ ಲೈಟ್ ನೋಡಿಕೊಳ್ಳುತ್ತಿದ್ದೆ. ಬೆಳಕು ಏರಿಸಿ ಇಳಿಸುವ ಡಿಮ್ಮರ್ ನನ್ನ ಕೈಗೆ ಕೊಟ್ಟು ಮಾಲಕರು ಊಟಕ್ಕೆ ಹೋಗುತ್ತಿದ್ದರು ಅಂದರೆ ತಿಳಿಯಿರಿ. 2009ರಲ್ಲಿ ಬೆಂಗಳೂರಿನಲ್ಲಿ ಎರಡು ತಿಂಗಳ ತರಬೇತಿ ಇದೆ ಅಂತ ಗೊತ್ತಾಯಿತು. ಸೋದರಮಾವ ಫೀ ಕಟ್ಟಿದರು. ಕಟ್ಟುವ ಮುಂಚೆ ಛಾಪಾ ಕಾಗದದ ಮೇಲೆ ಬರೆಸಿಕೊಂಡರು. ಬಿಟ್ಟು ಬಂದರೆ ಬಡ್ಡಿ ಸಮೇತ ವಾಪಸ್.

ಮೊದಲ ದಿನ ಹ್ಯಾಲೊಜನ್ ಬಲ್ಬ್ ಹಾಕುವುದನ್ನು ಕಲಿಸಿದರು. ಬರಿಗೈಲಿ ಮುಟ್ಟಬಾರದು. ಬೆರಳಿನ ಜಿಡ್ಡು ಗಾಜಿಗೆ ಹತ್ತಿದರೆ ಆ ಜಾಗ ಜಾಸ್ತಿ ಕಾದು ಬಲ್ಬ್ ಒಡೆಯುತ್ತದೆ. ಜಾತ್ರೆಯಲ್ಲಿ ಬಲ್ಬ್ ಒಡೆದು ವರ್ಷಗಟ್ಟಲೆ ಬೈಸಿಕೊಂಡವನಿಗೆ ಅವತ್ತು ಕಾರಣ ಸಿಕ್ಕಿತು! ಆಮೇಲೆ ಥರ್ಮೊಕೋಲ್ ಹಾಳೆ ಹಿಡಿದು, ಬೆಳಕನ್ನು ಮುಖಕ್ಕೆ ತಿರುಗಿಸಿ, ಕಣ್ಣ ಕೆಳಗಿನ ನೆರಳು ತೆಗೆಯುವುದು. ಹಾಳೆ ಚೂರು ವಾಲಿಸಿದರೆ ಸಾಕು, ಎದುರಿಗಿದ್ದವರ ವಯಸ್ಸೇ ಇಳಿಯುತ್ತದೆ. ನನ್ನ ಕೈ ನಡುಗುವುದಿಲ್ಲ ಅಂತ ಮೇಷ್ಟ್ರು ದಿನಾ ನನಗೇ ಕೊಡುತ್ತಿದ್ದರು.

ಫೀ ಮಾವ ಕಟ್ಟಿದ್ದರು, ಊಟಕ್ಕೆ ಯಾರೂ ಕಟ್ಟಿರಲಿಲ್ಲ. ಮೂರನೇ ವಾರ ಖೋಲಿ ಬಾಡಿಗೆ ಕೊಟ್ಟ ಮೇಲೆ ಕೈಯಲ್ಲಿ ಉಳಿದದ್ದು ಊರಿನ ಬಸ್ ಚಾರ್ಜು ಮಾತ್ರ. ಅದೂ ಖರ್ಚಾಗುವ ಮುಂಚೆ ಬಸ್ ಹತ್ತಿದೆ. ಊರಲ್ಲಿ ಎಲ್ಲರೂ ಸೋಮಾರಿ ಅಂದರು. ಮಾವ ಆ ಕಾಗದವನ್ನು ನನ್ನ ತಂಗಿಯ ಮದುವೆ ಮಾತುಕತೆಯಲ್ಲಿ, ಬೀಗರ ಎದುರು, ಜೇಬಿನಿಂದ ತೆಗೆದರು. ತೀರಿಸಲು ನಾಲ್ಕು ವರ್ಷ ಹಿಡಿಯಿತು.

ಈಗ ಮೋಟಾರ್ ರಿವೈಂಡಿಂಗ್ ಮಾಡುತ್ತೇನೆ, ಚೆನ್ನಾಗಿದ್ದೇನೆ. ಸಿನಿಮಾಕ್ಕೆ ಹೋದರೆ ಮಾತ್ರ ಕಥೆ ತಲೆಗೆ ಹತ್ತುವುದಿಲ್ಲ. ನೆರಳು ಎಲ್ಲಿ ಬಿದ್ದಿದೆ ಅಂತ ನೋಡುತ್ತಾ ಕೂರುತ್ತೇನೆ. ಮೇಡಂ, ಎಂಟರ ಬದಲು ಐದೇ ಮಕ್ಕಳನ್ನು ಕಳಿಸಿ. ಊಟದ ದುಡ್ಡು ಕೊಟ್ಟು ಕಳಿಸಿ.

*ಎರಡು ಲಕ್ಷವನ್ನು ಐವರಿಗೆ ಹಂಚಿದರೆ ತಲೆಗೆ 40 ಸಾವಿರ. ಫೀ ಕಳೆದು 15 ಸಾವಿರ ಉಳಿಯುತ್ತದೆ. ಸುಮ್ನೆ ಲೆಕ್ಕ ಹಾಕಿದೆವು.*

ಮದುವೆ ವಿಡಿಯೊ ಮಾಡುವವರು, ಜಮಖಂಡಿ

ಬೆಂಗಳೂರು ಯಾಕ್ರಿ? ಸೀಜನ್‌ನಲ್ಲಿ ಎಡಿಟಿಂಗ್ ಗೊತ್ತಿರುವ ಒಬ್ಬ ಹುಡುಗ ನನಗಿಲ್ಲಿ ಸಿಗುತ್ತಿಲ್ಲ. ಇಬ್ಬರನ್ನು ಕಳಿಸಿ, ಫೀ ಇಲ್ಲದೆ ಕಲಿಸುತ್ತೇನೆ, ಊಟ ನಮ್ಮನೇದೇ. ಡ್ರೋನ್ ಮಾತ್ರ ಮುಟ್ಟುವಂತಿಲ್ಲ. ಅದರ ಸಾಲ ಇನ್ನೂ ತೀರಿಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿ, ಬೆಳಗಾವಿ

ಎರಡು ಲಕ್ಷವನ್ನು ಫೀಗೆ ಸುರಿಯುವ ಮುಂಚೆ ಸರ್ಕಾರದ ಬಾಗಿಲು ತಟ್ಟಿದ್ದೀರಾ? ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ 2015ರಿಂದ ಇದೆ. ಅದರಡಿ ನಡೆಯುವ ಅಲ್ಪಾವಧಿ ತರಬೇತಿಗೆ ಮಕ್ಕಳು ಫೀ ಕೊಡಬೇಕಿಲ್ಲ. ಕೌಶಲ ಸಾಲ ಅಂತ ಬೇರೆಯೇ ಇದೆ. ಶುರುವಿನಲ್ಲಿ 5,000ದಿಂದ 1.5 ಲಕ್ಷದವರೆಗೆ ಸಿಗುತ್ತಿತ್ತು, 2024ರಲ್ಲಿ ಮಿತಿಯನ್ನು 7.5 ಲಕ್ಷಕ್ಕೆ ಏರಿಸಿದರು. ಆಸ್ತಿ ಅಡ ಇಡಬೇಕಿಲ್ಲ. ಆದರೆ ಕೋರ್ಸಿಗೆ ಮಾನ್ಯತೆ ಇರಬೇಕು. ಬೆಂಗಳೂರಿನ ಆ ತರಬೇತಿ ಸಂಸ್ಥೆಗೆ ಫೋನ್ ಮಾಡಿ ಮೊದಲು ಇದನ್ನೇ ಕೇಳಿ. ಯುವನಿಧಿಯ 3,000 ರೂಪಾಯಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ, ಓದುತ್ತಿರುವವರಿಗಲ್ಲ. ಇನ್ನೊಂದು, ಬೆಳಗಾವಿ ಕಡೆಯ ಮಕ್ಕಳಿಗೆ ಬೆಂಗಳೂರಿಗಿಂತ ಪುಣೆ ಹತ್ತಿರ. ಅಲ್ಲಿನ ಸರ್ಕಾರಿ ಸಿನಿಮಾ ಶಿಕ್ಷಣ ಸಂಸ್ಥೆ ಎಫ್‌ಟಿಐಐ 2017ರಿಂದ ಅಲ್ಪಾವಧಿ ಕೋರ್ಸುಗಳನ್ನು ನಡೆಸುತ್ತಿದೆ. ಬೇರೆ ಊರುಗಳಿಗೂ ಬಂದು ಕಲಿಸುತ್ತಾರೆ.

*ಉಪಯೋಗಕ್ಕೆ ಬರುವ ವಿವರ, ಧನ್ಯವಾದ. ಬಾಂಡಿನ ಬಗ್ಗೆ ಅವರು ಏನೂ ಹೇಳಿಲ್ಲ. ಕೆಳಗಿನ ತಾಯಿ ಹೇಳಿದ್ದಾರೆ, ಇನ್ನೊಂದು ಕಡೆಯಿಂದ.*

ಒಬ್ಬ ತಾಯಿ, ಗೋಕಾಕ

ಕಾಗದಪತ್ರ ನನಗೆ ತಿಳಿಯುವುದಿಲ್ಲ. ಶೂಟಿಂಗ್ ಅಂದರೆ ರಾತ್ರಿಯೂ ಇರುತ್ತದೆ ಅಲ್ವಾ? ಹುಡುಗಿಯರು ಎಷ್ಟು ಹೊತ್ತಿಗೆ ರೂಮಿಗೆ ಬರುತ್ತಾರೆ, ಯಾರು ಬಿಡುತ್ತಾರೆ, ಬಟ್ಟೆ ಬದಲಿಸಲು ಜಾಗ ಎಲ್ಲಿ? ನಮ್ಮಿಂದ ಬರೆಸಿಕೊಳ್ಳುವ ಮೊದಲು ಇದನ್ನು ನೀವು ಬರೆದು ಕೊಡಿ.

*ಕೊನೆಯ ಪತ್ರ ಬಂದದ್ದು ತಡವಾಗಿ, ಪಟ್ಟಿಯಲ್ಲಿರುವ ಎಂಟು ಮಕ್ಕಳಲ್ಲಿ ಒಬ್ಬರಿಂದ. ಹೆಸರು, ಊರು ಬೇಡ ಅಂದಿದ್ದಾರೆ.*

ವಿದ್ಯಾರ್ಥಿನಿ, ಬಾಗಲಕೋಟೆ ಜಿಲ್ಲೆ

ಮೇಡಂಗೆ ನೇರವಾಗಿ ಕೇಳಲು ಸಂಕೋಚ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಸೌಂಡ್ ಕಲಿಯಬೇಕು. ನಮ್ಮದು ಮಗ್ಗದ ಮನೆ. ಆರು ವಾರ ನಾನಿಲ್ಲದಿದ್ದರೆ ಅವ್ವ ಒಬ್ಬಳೇ ನೂಲಿನ ಕಂಡಿಕೆ ಸುತ್ತಬೇಕು. ಸುತ್ತುತ್ತೇನೆ ಹೋಗು ಅಂದಿದ್ದಾಳೆ. ಶಕ್ತಿ ಯೋಜನೆ ಇರುವುದರಿಂದ ಬೆಂಗಳೂರಿನ ತನಕ ಬಸ್ಸಿಗೆ ಖರ್ಚಿಲ್ಲ. ಬಾಂಡಿಗೆ ಮಾತ್ರ ಅಪ್ಪ ಸಹಿ ಮಾಡುವುದಿಲ್ಲ. ಮಾಲಕರ ಹತ್ತಿರ ಮುಂಗಡ ತಗೊಂಡ ಕಾಗದದ ಮೇಲೆ ಅವರದೊಂದು ಸಹಿ ಇದೆ, ಇನ್ನೊಂದು ಬೇಡ ಅನ್ನುತ್ತಾರೆ. ನನಗೆ ಮೇ ತಿಂಗಳಲ್ಲಿ 18 ತುಂಬಿತು. ನಾನೇ ಸಹಿ ಮಾಡಿದರೆ ನಡೆಯುತ್ತದಾ?