ಅಪ್‌ಡೇಟ್: ಕಾರು ಕೊನೆಗೂ ಮನೆಯ ವೈಫೈ ಹಿಡಿಯಿತು

ಅಂಗಳದಲ್ಲಿ ನಿಲ್ಲಿಸಿದ ಎಲೆಕ್ಟ್ರಿಕ್ ಕಾರಿಗೆ ವೈಫೈ ನಿಲ್ಲುತ್ತಿಲ್ಲ, ಸಾಫ್ಟ್‌ವೇರ್ ಡೌನ್‌ಲೋಡ್ ಅರ್ಧಕ್ಕೇ ನಿಲ್ಲುತ್ತಿದೆ ಅಂತ ಹೋದ ವಾರ ಕೇಳಿದ್ದೆನಲ್ವಾ, ಈಗ ಸರಿಹೋಗಿದೆ.

ತಪ್ಪು ಕಾರಿನದಲ್ಲ. ನಮ್ಮದು ಕಲಬುರಗಿಯ ಹಳೇ ಮನೆ. ಶಹಾಬಾದ್ ಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ರೂಟರ್ ಇದ್ದದ್ದು ಒಳಕೋಣೆಯಲ್ಲಿ. ಅದು ಎರಡು ಬಗೆಯ ವೈಫೈ ಸಿಗ್ನಲ್ ಕೊಡುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ವೇಗ ಜಾಸ್ತಿ, ಆದರೆ ಗೋಡೆ ದಾಟುವುದು ಕಷ್ಟ. 2.4 ಗಿಗಾಹರ್ಟ್ಸ್‌ನದು ಇನ್ನೂ ದೂರ ಹೋಗುತ್ತದೆ. ಎರಡಕ್ಕೂ ಒಂದೇ ಹೆಸರಿತ್ತು, ಬೇರೆ ಬೇರೆ ಮಾಡಿದೆ. ರೂಟರನ್ನು ಅಂಗಳದ ಕಿಟಕಿಗೆ ತಂದಿಟ್ಟೆ. ಕಾರಿನ ಸ್ಕ್ರೀನ್‌ನಲ್ಲಿ ಹಳೇ ಹೆಸರು ಅಳಿಸಿ 2.4ರದ್ದನ್ನು ಆರಿಸಿದೆ. ಸಿಗ್ನಲ್ ಒಂದೇ ಗೆರೆ ಇದ್ದದ್ದು ಮೂರಾಯಿತು! ರಾತ್ರಿ ರೊಟ್ಟಿ ತಿಂದು ಬರುವಷ್ಟರಲ್ಲಿ ಡೌನ್‌ಲೋಡ್ ಮುಗಿದಿತ್ತು. ಇನ್‌ಸ್ಟಾಲ್ ಆಗುವಾಗ ಕಾರು ಓಡಿಸಲು ಬರಲ್ಲ, ಅದಕ್ಕೆ ರಾತ್ರಿಯೇ ಹಚ್ಚಿಬಿಡಿ.

"ಗೋಡೆ ಎಷ್ಟು ದಪ್ಪ?" ಅಂತ ಮೊದಲು ಕೇಳಿದ ಅಣ್ಣನಿಗೆ ತುಂಬಾ ಥ್ಯಾಂಕ್ಸ್.